ಸಣ್ಣ ಐಎಸ್‌ಪಿಗೆ ಸ್ವಂತ ಐಪಿ ವಿಳಾಸ: ಅರ್ಜಿಯಿಂದ ಗ್ರಾಹಕರ ಮನೆಯವರೆಗೆ

ತಾಲ್ಲೂಕು ಮಟ್ಟದಲ್ಲಿ ಫೈಬರ್ ಎಳೆದು ಎರಡು ಮೂರು ಸಾವಿರ ಮನೆಗಳಿಗೆ ಇಂಟರ್ನೆಟ್ ಕೊಡುವ ಎಷ್ಟೋ ಐಎಸ್‌ಪಿಗಳು ಇಂದಿಗೂ ತಮಗೆ ಬ್ಯಾಂಡ್‌ವಿಡ್ತ್ ಮಾರುವ ಅಪ್‌ಸ್ಟ್ರೀಮ್ ಕಂಪನಿಯ ಐಪಿ ವಿಳಾಸಗಳನ್ನೇ (ಇಂಟರ್ನೆಟ್‌ನಲ್ಲಿ ಸಂಪರ್ಕವನ್ನು ಗುರುತಿಸುವ ಸಂಖ್ಯೆಗಳು) ನೆಚ್ಚಿಕೊಂಡಿವೆ. ಬ್ಯಾಂಡ್‌ವಿಡ್ತ್ ಕೊಡುವವರೇ ವಿಳಾಸವನ್ನೂ ಕೊಟ್ಟರೆ ಮೊದಮೊದಲು ಸಲೀಸು. ದರ ಏರಿತೆಂದೋ ಲಿಂಕ್ ಪದೇಪದೇ ಬೀಳುತ್ತದೆಂದೋ ಬೇರೆಯವರ ಕಡೆ ಹೊರಟಾಗ ತೊಡಕು ಗೊತ್ತಾಗುತ್ತದೆ. ಆ ವಿಳಾಸಗಳನ್ನು ಅಲ್ಲೇ ಬಿಟ್ಟು ಬರಬೇಕು. ಸ್ಟ್ಯಾಟಿಕ್ ಐಪಿ (ಬದಲಾಗದ ವಿಳಾಸ) ಪಡೆದ ಸೊಸೈಟಿ, ಮನೆಯಿಂದಲೇ ಅಂಗಡಿಯ ಸಿಸಿಟಿವಿ ನೋಡುವ ವ್ಯಾಪಾರಿ, ಶಾಖೆಗಳನ್ನು ವಿಪಿಎನ್‌ನಲ್ಲಿ ಜೋಡಿಸಿಕೊಂಡ ಆಸ್ಪತ್ರೆ, ಎಲ್ಲರ ಸೆಟ್ಟಿಂಗೂ ಬದಲಾಗಬೇಕು. ಎರಡು ಅಪ್‌ಸ್ಟ್ರೀಮ್ ಇಟ್ಟುಕೊಂಡರೂ ಒಬ್ಬರ ವಿಳಾಸವನ್ನು ಇನ್ನೊಬ್ಬರ ಲಿಂಕ್‌ನಲ್ಲಿ ಓಡಿಸಲು ಸಾಮಾನ್ಯವಾಗಿ ಒಪ್ಪುವುದಿಲ್ಲ. ಹೀಗಾಗಿ ಒಂದು ಲಿಂಕ್ ಬಿದ್ದರೆ ಅದರ ಮೇಲಿದ್ದ ಗ್ರಾಹಕರೂ ಬೀಳುತ್ತಾರೆ.

ಸ್ವಂತ ವಿಳಾಸ ಮತ್ತು ಸ್ವಂತ ಎಎಸ್ ನಂಬರ್ (ಇಂಟರ್ನೆಟ್‌ನಲ್ಲಿ ಇಡೀ ನೆಟ್‌ವರ್ಕ್‌ನ ಗುರುತಿನ ಸಂಖ್ಯೆ) ಇದ್ದರೆ ಈ ಕಟ್ಟು ಬಿಚ್ಚುತ್ತದೆ. ಆದರೆ ಹಳೆಯ ಮಾದರಿಯ ವಿಳಾಸವಾದ ಐಪಿವಿ4 ಈಗ ಕೇಳಿದಷ್ಟು ಸಿಗುವುದಿಲ್ಲ. ಜಾಗತಿಕ ಉಚಿತ ದಾಸ್ತಾನು 2011ರ ಫೆಬ್ರವರಿಯಲ್ಲಿ ಮುಗಿಯಿತು. ನಮ್ಮ ಏಷ್ಯಾ ಪೆಸಿಫಿಕ್ ವಲಯದ ರಿಜಿಸ್ಟ್ರಿ ಎಪಿನಿಕ್ ಅದೇ ವರ್ಷದ ಏಪ್ರಿಲ್ 15ರಂದು ಕೊನೆಯ /8 ಬ್ಲಾಕ್‌ಗೆ (ಓರೆಗೆರೆಯ ನಂತರದ ಅಂಕಿ ದೊಡ್ಡದಾದಷ್ಟೂ ಬ್ಲಾಕ್ ಚಿಕ್ಕದು) ಕೈಹಾಕಿತು. 103ರಿಂದ ಶುರುವಾಗುವ ವಿಳಾಸಗಳು ಅದರವೇ. ಆಗ ಒಂದು ಸಂಸ್ಥೆಗೆ ಗರಿಷ್ಠ /22, ಅಂದರೆ 1024 ವಿಳಾಸ ಸಿಗುತ್ತಿತ್ತು. 2019ರಲ್ಲಿ ಆ ಮಿತಿ /23ಕ್ಕೆ, 512ಕ್ಕೆ ಇಳಿಯಿತು. ಸಿಗುವುದು ಇಷ್ಟೇ ಎಂದು ಒಪ್ಪಿಕೊಂಡೇ ಇಡೀ ನೆಟ್‌ವರ್ಕ್ ಯೋಜಿಸಬೇಕು. ಐಪಿವಿ4ಅನ್ನು ಬಿಗಿಹಿಡಿದು ಖರ್ಚು ಮಾಡಿ, ಹೇರಳವಾಗಿ ಸಿಗುವ ಹೊಸ ಮಾದರಿಯ ಐಪಿವಿ6ಅನ್ನು ಮೊದಲ ದಿನದಿಂದಲೇ ಗ್ರಾಹಕರ ಮನೆಗೆ ಮುಟ್ಟಿಸಿ.

ಯಾರ ಬಳಿ ಕೇಳಬೇಕು

ಭಾರತದಲ್ಲಿ ವಿಳಾಸ ಹಂಚುವುದು ಐಆರ್‌ಐಎನ್‌ಎನ್. ಇದು ದೇಶದಲ್ಲಿ ಇಂಟರ್ನೆಟ್ ಎಕ್ಸ್‌ಚೇಂಜ್‌ಗಳನ್ನು ನಡೆಸುವ ನಿಕ್ಸಿ ಸಂಸ್ಥೆಯ ವಿಭಾಗ, 2012ರಿಂದ ಎಪಿನಿಕ್‌ನ ಅಡಿಯಲ್ಲಿ ರಾಷ್ಟ್ರೀಯ ರಿಜಿಸ್ಟ್ರಿಯಾಗಿ ಕೆಲಸ ಮಾಡುತ್ತಿದೆ. ಭಾರತದ ಸಂಸ್ಥೆ ನೇರವಾಗಿ ಎಪಿನಿಕ್ ಸದಸ್ಯತ್ವವನ್ನೂ ಪಡೆಯಬಹುದು. ಆದರೆ ಶುಲ್ಕ ರೂಪಾಯಿಯಲ್ಲಿ ಕಟ್ಟಬೇಕು, ಕಾಗದಪತ್ರ ಇಲ್ಲೇ ಮುಗಿಯಬೇಕು ಎನ್ನುವ ಸಣ್ಣ ಕಂಪನಿಗೆ ಐಆರ್‌ಐಎನ್‌ಎನ್ ಅನುಕೂಲ. ಎರಡೂ ಕಡೆ ಹಂಚಿಕೆಯ ಮೂಲ ನಿಯಮಗಳು ಹೆಚ್ಚುಕಡಿಮೆ ಒಂದೇ. ಶುಲ್ಕ ಕಾಲಕಾಲಕ್ಕೆ ಬದಲಾಗುವುದರಿಂದ ಅರ್ಜಿ ಹಾಕುವ ದಿನ ಪೋರ್ಟಲ್‌ನಲ್ಲಿರುವ ಪಟ್ಟಿಯನ್ನೇ ನೋಡಿ. ವಾರ್ಷಿಕ ಶುಲ್ಕವೂ ಇದೆ ಎಂಬುದನ್ನು ಬಜೆಟ್‌ನಲ್ಲಿ ಮರೆಯಬೇಡಿ.

ಬೇರೆ ಐಎಸ್‌ಪಿಯ ಫ್ರಾಂಚೈಸಿಯಾಗಿ ಕೆಲಸ ಮಾಡುತ್ತಿರುವ ಕೇಬಲ್ ಆಪರೇಟರ್‌ಗಳು ಮೊದಲು ಲೈಸೆನ್ಸ್ ವಿಷಯ ಇತ್ಯರ್ಥ ಮಾಡಿಕೊಳ್ಳಬೇಕು. ದೂರಸಂಪರ್ಕ ಇಲಾಖೆಯ ಐಎಸ್‌ಪಿ ಲೈಸೆನ್ಸ್‌ನಲ್ಲಿ ಎ ವರ್ಗ ಇಡೀ ದೇಶಕ್ಕೆ, ಬಿ ವರ್ಗ ಕರ್ನಾಟಕದಂಥ ಒಂದು ಸರ್ಕಲ್‌ಗೆ, ಸಿ ವರ್ಗ ಸುಮಾರು ಒಂದು ಜಿಲ್ಲೆಯಷ್ಟಿರುವ ಎಸ್‌ಎಸ್‌ಎ ಪ್ರದೇಶಕ್ಕೆ. ಗ್ರಾಹಕರಿಗೆ ಇಂಟರ್ನೆಟ್ ಮಾರುವ ಯೋಜನೆ ತೋರಿಸಿ ವಿಳಾಸ ಕೇಳಿ, ಲೈಸೆನ್ಸ್ ಮಾತ್ರ ಬೇರೆಯವರದ್ದಾದರೆ ಅರ್ಜಿ ಮುಂದೆ ಹೋಗುವುದಿಲ್ಲ.

ಹಂತ 1: ಹೆಸರು ಮತ್ತು ಕಾಗದ

ಅರ್ಜಿಗಳು ತಾಂತ್ರಿಕ ಕಾರಣಕ್ಕಿಂತ ಹೆಚ್ಚಾಗಿ ಹೆಸರಿನ ಗೊಂದಲದಲ್ಲಿ ಸಿಕ್ಕಿಕೊಳ್ಳುತ್ತವೆ. ಲೈಸೆನ್ಸ್, ಪ್ಯಾನ್, ಜಿಎಸ್‌ಟಿ, ನೋಂದಣಿ ಪ್ರಮಾಣಪತ್ರ ಎಲ್ಲದರಲ್ಲೂ ಸಂಸ್ಥೆಯ ಹೆಸರು ಅಕ್ಷರಕ್ಕೆ ಅಕ್ಷರ ಹೊಂದಬೇಕು. ಒಂದರಲ್ಲಿ ‘ನೆಟ್‌ವರ್ಕ್’, ಇನ್ನೊಂದರಲ್ಲಿ ‘ನೆಟ್‌ವರ್ಕ್ಸ್’ ಇದ್ದರೆ ಅರ್ಜಿಗೆ ಮುಂಚೆಯೇ ತಿದ್ದಿಸಿ. ಮಾಲೀಕತ್ವದ ಫರ್ಮನ್ನು ಪ್ರೈವೇಟ್ ಲಿಮಿಟೆಡ್ ಮಾಡುವ ಯೋಚನೆಯಿದ್ದರೆ ಅದನ್ನೂ ಮೊದಲೇ ಮುಗಿಸಿ. ವಿಳಾಸ ಬಂದ ಮೇಲೆ ಹೆಸರು ಬದಲಿಸಲು ಹೊಸದಾಗಿ ದಾಖಲೆ ಕೊಟ್ಟು ಬದಲಾವಣೆಯ ಪ್ರಕ್ರಿಯೆಯನ್ನೇ ಹಾಯಬೇಕಾಗುತ್ತದೆ.

ಜೊತೆಗೆ ಸಹಿ ಅಧಿಕಾರವಿರುವವರ ಗುರುತಿನ ದಾಖಲೆ, ಅವರಿಗೆ ಅಧಿಕಾರ ಕೊಟ್ಟ ಪತ್ರ ಅಥವಾ ಬೋರ್ಡ್ ನಿರ್ಣಯ, ಎರಡೂ ಅಪ್‌ಸ್ಟ್ರೀಮ್‌ಗಳ ಬ್ಯಾಂಡ್‌ವಿಡ್ತ್ ಬಿಲ್ ಇಲ್ಲವೇ ಒಪ್ಪಂದ, ರೂಟರ್ ಮತ್ತು ಓಎಲ್‌ಟಿ (ಮನೆಗಳ ಫೈಬರ್ ಬಂದು ಸೇರುವ ಉಪಕರಣ) ಖರೀದಿಯ ಬಿಲ್, ನೆಟ್‌ವರ್ಕ್ ನಕ್ಷೆ ಸಿದ್ಧವಿರಲಿ. ನಕ್ಷೆ ನಿಮ್ಮದೇ ಊರಿನದಾಗಿರಲಿ: ಯಾವ ಪಾಪ್‌ನಲ್ಲಿ (ಉಪಕರಣ ಇಟ್ಟ ಕೇಂದ್ರ) ಯಾವ ರೂಟರ್, ಯಾವ ಅಪ್‌ಸ್ಟ್ರೀಮ್ ಎಲ್ಲಿ ಸೇರುತ್ತದೆ, ಒಂದು ಪಬ್ಲಿಕ್ ವಿಳಾಸವನ್ನು ಹಲವು ಮನೆಗಳಿಗೆ ಹಂಚುವ ಸಿಜಿನ್ಯಾಟ್ ಎಲ್ಲಿದೆ. ಎಲ್ಲಿಂದಲೋ ನಕಲು ಮಾಡಿದ ಚಿತ್ರ ಪರಿಶೀಲಿಸುವವರಿಗೆ ತಕ್ಷಣ ಗೊತ್ತಾಗುತ್ತದೆ, ಆಮೇಲೆ ಪ್ರಶ್ನೆಗಳ ಸಾಲೇ ಬರುತ್ತದೆ.

ಸಂಪರ್ಕದ ಇಮೇಲ್ ಕಂಪನಿಯ ಸ್ವಂತ ಡೊಮೈನ್‌ನಲ್ಲಿರಲಿ, ಒಬ್ಬ ವ್ಯಕ್ತಿಯ ಹೆಸರಿನಲ್ಲಿ ಬೇಡ. ನೆಟ್‌ವರ್ಕ್ ಕೆಲಸಕ್ಕೊಂದು, ದೂರುಗಳಿಗೊಂದು ಸಾಮಾನ್ಯ ವಿಳಾಸ ಮಾಡಿ, ಇಬ್ಬರು ಮೂವರು ಓದುವಂತೆ ಇಡಿ. ದೂರು ವಿಳಾಸ ಜೀವಂತವಿದೆಯೇ ಎಂದು ರಿಜಿಸ್ಟ್ರಿ ಆಗಾಗ ಪರೀಕ್ಷಿಸುತ್ತದೆ.

ಏಜೆಂಟರ ಮೂಲಕ ಅರ್ಜಿ ಹಾಕಿಸುವವರು ಇದನ್ನು ಎಚ್ಚರದಿಂದ ಓದಿ. ಪೋರ್ಟಲ್ ಖಾತೆಯನ್ನು ಏಜೆಂಟ್ ತನ್ನ ಇಮೇಲ್ ಮತ್ತು ಮೊಬೈಲ್‌ನಲ್ಲಿ ತೆರೆದರೆ, ಕಾಗದದಲ್ಲಿ ವಿಳಾಸ ನಿಮ್ಮದು, ಬೀಗದ ಕೈ ಅವನದು. ರೂಟ್ ಬದಲಿಸಲು, ಬ್ಲಾಕ್ ಘೋಷಿಸುವ ಹಕ್ಕಿನ ದಾಖಲೆಯಾದ ಆರ್‌ಒಎ ಮಾಡಲು, ವಿಳಾಸದಿಂದ ಹೆಸರು ಹುಡುಕುವ ರಿವರ್ಸ್ ಡಿಎನ್‌ಎಸ್ ತಿದ್ದಲು ಪ್ರತಿ ಸಲ ಅವನನ್ನೇ ಕೇಳಬೇಕು. ಕಾಗದ ಸಿದ್ಧಪಡಿಸಲು ಯಾರ ಸಹಾಯವನ್ನಾದರೂ ಪಡೆಯಿರಿ. ಲಾಗಿನ್ ಮಾತ್ರ ನಿಮ್ಮ ಕೈಯಲ್ಲೇ ಹುಟ್ಟಬೇಕು.

ಹಂತ 2: ಎಷ್ಟು ಬೇಕು ಎಂಬ ಲೆಕ್ಕ

‘512 ವಿಳಾಸ ಬೇಕು’ ಎಂದಷ್ಟೇ ಬರೆದ ಅರ್ಜಿ ವಾಪಸ್ ಬರುತ್ತದೆ. ಪ್ರತಿ ಮನೆಗೂ ಒಂದು ಪಬ್ಲಿಕ್ ಐಪಿವಿ4 ಎಂದು ಬರೆದರೂ ಅಷ್ಟೇ. ಲೆಕ್ಕ ಹೀಗೆ ಹಾಕಿ.

ಒಂದು ಪಬ್ಲಿಕ್ ವಿಳಾಸದಲ್ಲಿ 1024ರಿಂದ 65535ರವರೆಗೆ 64,512 ಪೋರ್ಟ್ (ಒಂದೇ ವಿಳಾಸದ ಬೇರೆಬೇರೆ ಕನೆಕ್ಷನ್‌ಗಳನ್ನು ಗುರುತಿಸುವ ಸಂಖ್ಯೆ) ಬಳಸಬಹುದು. ಮನೆಗೆ 2016 ಪೋರ್ಟ್‌ನಂತೆ ಹಂಚಿದರೆ ಒಂದು ವಿಳಾಸದ ಹಿಂದೆ 32 ಮನೆ ಕೂರುತ್ತವೆ. 1008ರಂತೆ ಹಂಚಿದರೆ 64. ಐಪಿವಿ6 ಇಲ್ಲದ ನೆಟ್‌ವರ್ಕ್‌ನಲ್ಲಿ 64 ಕೂರಿಸಲು ಹೋಗಬೇಡಿ, ಸಂಜೆಯ ಹೊತ್ತು ಪೋರ್ಟ್ ಸಾಲದೆ ದೂರು ಬರುತ್ತದೆ. 32 ಸುರಕ್ಷಿತ.

ಈಗ 3,000 ಗ್ರಾಹಕರಿದ್ದಾರೆ ಎನ್ನೋಣ. ಸಿಜಿನ್ಯಾಟ್‌ಗೆ 94 ವಿಳಾಸ, ಸ್ಟ್ಯಾಟಿಕ್ ಗ್ರಾಹಕರಿಗೆ 40, ಡಿಎನ್‌ಎಸ್, ಮೇಲ್ ಮುಂತಾದ ಸರ್ವರ್‌ಗಳಿಗೆ 10, ರೂಟರ್ ಮತ್ತು ಲಿಂಕ್‌ಗಳಿಗೆ 16. ಒಟ್ಟು 160. ವರ್ಷದೊಳಗೆ 5,000 ಗ್ರಾಹಕರಾಗುತ್ತಾರೆಂದರೆ ಸಿಜಿನ್ಯಾಟ್‌ಗೆ 157, ಸ್ಟ್ಯಾಟಿಕ್‌ಗೆ 70, ಸರ್ವರ್‌ಗೆ 16, ಲಿಂಕ್‌ಗೆ 16, ಒಟ್ಟು 259. ಒಂದು /24ರಲ್ಲಿ ಇರುವುದೇ 256. ಆದ್ದರಿಂದ /23 ಬೇಕು ಎಂಬ ಮಾತಿಗೆ ಆಧಾರ ಸಿಕ್ಕಿತು. ಈಗಿನ ಬಳಕೆ, ಆರು ತಿಂಗಳ ನಂತರದ್ದು, ವರ್ಷದ ನಂತರದ್ದು ಎಂದು ಮೂರು ಕಾಲಂ ಮಾಡಿ ಇದನ್ನೇ ಬರೆಯಿರಿ. ಓಎಲ್‌ಟಿ, ಸ್ವಿಚ್‌ಗಳ ನಿರ್ವಹಣೆಗೆ ಪಬ್ಲಿಕ್ ವಿಳಾಸ ಕೇಳಬೇಡಿ. ಕೇಳಿದರೆ ಅರ್ಜಿಯೂ ದುರ್ಬಲವಾಗುತ್ತದೆ, ಉಪಕರಣವೂ ದಾಳಿಗೆ ತೆರೆದುಕೊಳ್ಳುತ್ತದೆ.

ಅಪ್‌ಸ್ಟ್ರೀಮ್ ಕೊಟ್ಟ ವಿಳಾಸಗಳನ್ನು ಈಗ ಹೇಗೆ ಬಳಸುತ್ತಿದ್ದೀರಿ ಎಂಬುದನ್ನೂ ತೋರಿಸಿ. ಇದ್ದದ್ದನ್ನು ಚೆನ್ನಾಗಿ ತುಂಬಿಸಿದ ದಾಖಲೆಗಿಂತ ಗಟ್ಟಿಯಾದ ಸಮರ್ಥನೆ ಬೇರೊಂದಿಲ್ಲ.

ಹಂತ 3: ಮೂರನ್ನೂ ಒಟ್ಟಿಗೆ ಕೇಳಿ

ಐಪಿವಿ4 /23, ಐಪಿವಿ6 /32, ಎಎಸ್ ನಂಬರ್, ಈ ಮೂರಕ್ಕೂ ಒಂದೇ ಸಲ ಅರ್ಜಿ ಹಾಕಿ. ಐಎಸ್‌ಪಿಗೆ ಐಪಿವಿ6ನಲ್ಲಿ ಕನಿಷ್ಠ ಹಂಚಿಕೆಯೇ /32. ಅದರಲ್ಲಿ ಮನೆಗೊಂದರಂತೆ ಕೊಡಬಹುದಾದ /56ಗಳು 1,67,77,216. ಒಂದು ತಾಲ್ಲೂಕಿನ ಐಎಸ್‌ಪಿಗೆ ಇದು ಎಂದೂ ಮುಗಿಯದು.

ಎಎಸ್ ನಂಬರ್‌ಗೆ ಎರಡು ಅಪ್‌ಸ್ಟ್ರೀಮ್‌ಗಳ ಹೆಸರು ಮತ್ತು ಅವರ ಎಎಸ್ ನಂಬರ್ ಬರೆಯಬೇಕು. ಎರಡನೆಯದು ಇನ್ನೂ ಬಂದಿಲ್ಲವಾದರೆ ಒಪ್ಪಂದದ ಪ್ರತಿಯೋ ಪತ್ರವೋ ಇರಲಿ. 64512ರಿಂದ 65534ರವರೆಗಿನ ಖಾಸಗಿ ನಂಬರ್‌ನಲ್ಲಿ ಅಪ್‌ಸ್ಟ್ರೀಮ್ ಜೊತೆ ಬಿಜಿಪಿ (ನೆಟ್‌ವರ್ಕ್‌ಗಳು ಒಂದಕ್ಕೊಂದು ದಾರಿ ತಿಳಿಸುವ ವ್ಯವಸ್ಥೆ) ಓಡಿಸುತ್ತಿದ್ದರೂ ಅದು ಹೊರಜಗತ್ತಿಗೆ ಕಾಣುವುದಿಲ್ಲ. ಬೆಂಗಳೂರಿನ ನಿಕ್ಸಿ ಎಕ್ಸ್‌ಚೇಂಜ್‌ನಲ್ಲಿ ಪಿಯರಿಂಗ್ (ಬೇರೆ ನೆಟ್‌ವರ್ಕ್‌ಗಳ ಜೊತೆ ನೇರ ಟ್ರಾಫಿಕ್ ವಿನಿಮಯ) ಮಾಡಲು ಸ್ವಂತ ನಂಬರೇ ಬೇಕು.

ಹಂತ 4: ವಿಳಾಸ ಕೈಸೇರಿದ ಮೇಲೆ, ರೂಟರ್ ಮುಟ್ಟುವ ಮೊದಲು

ಹೆಚ್ಚಿನವರು ಎಡವುವುದು ಇಲ್ಲಿ. ಬ್ಲಾಕ್ ಬಂದ ಸಂಜೆಯೇ ಬಿಜಿಪಿಯಲ್ಲಿ ಹಾಕಿ, ‘ಅರ್ಧ ಸೈಟ್ ತೆರೆಯುತ್ತಿಲ್ಲ’ ಎಂದು ಪರದಾಡುತ್ತಾರೆ. ಈ ಕ್ರಮ ಹಿಡಿಯಿರಿ.

ಮೊದಲು ಆರ್‌ಒಎ. ಈ ಬ್ಲಾಕನ್ನು ಈ ಎಎಸ್ ನಂಬರ್ ಮಾತ್ರ ಘೋಷಿಸಬಹುದು ಎಂದು ಸಹಿ ಮಾಡಿದ ದಾಖಲೆ ಇದು. ಪೋರ್ಟಲ್‌ನಲ್ಲಿ /23ಕ್ಕೊಂದು, ಒಳಗಿನ ಎರಡು /24ಗಳಿಗೆ ಒಂದೊಂದು ಮಾಡಿ. /23ಕ್ಕೆ ಮಾತ್ರ ಆರ್‌ಒಎ ಮಾಡಿ ರೂಟರ್‌ನಲ್ಲಿ /24 ಘೋಷಿಸಿದರೆ ಅದು ‘ಅಮಾನ್ಯ’ವಾಗುತ್ತದೆ, ದೊಡ್ಡ ನೆಟ್‌ವರ್ಕ್‌ಗಳು ಅದನ್ನು ಎಸೆಯುತ್ತವೆ. ಐಪಿವಿ6ನಲ್ಲಿ ಇದಕ್ಕೆ ವಿರುದ್ಧವಾದ ತಪ್ಪು ಸಾಮಾನ್ಯ: /32ಕ್ಕೆ ಆರ್‌ಒಎ ಮಾಡಿ ಗರಿಷ್ಠ ಉದ್ದ 48 ಎಂದು ಬಿಡುವುದು. ನೀವು ಘೋಷಿಸದ ಯಾವುದೋ /48ಅನ್ನು ನಿಮ್ಮ ಎಎಸ್ ಹೆಸರು ಹಾಕಿ ಕದಿಯಲು ಅದು ದಾರಿ ಮಾಡಿಕೊಡುತ್ತದೆ. ಘೋಷಿಸುವ ಉದ್ದಕ್ಕೆ ಮಾತ್ರ ಆರ್‌ಒಎ ಇರಲಿ.

ನಂತರ ಯಾವ ಬ್ಲಾಕ್ ಯಾವ ಎಎಸ್‌ನಿಂದ ಬರುತ್ತದೆಂದು ರಿಜಿಸ್ಟ್ರಿಯಲ್ಲಿ ಬರೆಯುವ ರೂಟ್ ಆಬ್ಜೆಕ್ಟ್‌ಗಳು, ಐಪಿವಿ4ಗೂ ಐಪಿವಿ6ಗೂ ಬೇರೆಬೇರೆ. ಅಪ್‌ಸ್ಟ್ರೀಮ್‌ಗಳು ತಮ್ಮ ಫಿಲ್ಟರ್‌ಗಳನ್ನು ಇವುಗಳಿಂದಲೇ ಕಟ್ಟುತ್ತಾರೆ, ಬಹುತೇಕ ದಿನಕ್ಕೊಮ್ಮೆ. ಇವತ್ತು ಆಬ್ಜೆಕ್ಟ್ ಮಾಡಿದರೆ ಅದರ ಫಲ ನಾಳೆ. ಲೆಟರ್‌ಹೆಡ್‌ನಲ್ಲಿ ಅನುಮತಿ ಪತ್ರವನ್ನೂ ಇಬ್ಬರಿಗೂ ಕಳಿಸಿ, ಬ್ಲಾಕ್ ಮತ್ತು ಎಎಸ್ ನಂಬರ್ ತಪ್ಪಿಲ್ಲದೆ ಬರೆಯಿರಿ.

ಆಮೇಲೆ ರಿವರ್ಸ್ ಡಿಎನ್‌ಎಸ್. ಪ್ರತಿ /24ಕ್ಕೆ ಒಂದು ವಲಯ, ಕನಿಷ್ಠ ಎರಡು ನೇಮ್‌ಸರ್ವರ್. ಸರ್ವರ್‌ನಲ್ಲಿ ವಲಯ ಉತ್ತರಿಸುತ್ತಿದೆ ಎಂದು ಖಾತ್ರಿಯಾದ ಮೇಲೆ ಪೋರ್ಟಲ್‌ನಲ್ಲಿ ಸೇರಿಸಿ. ಇದಿಲ್ಲದೆ ಸ್ಟ್ಯಾಟಿಕ್ ಗ್ರಾಹಕರ ಮೇಲ್ ಸರ್ವರ್ ಕಳಿಸುವ ಪತ್ರಗಳು ತಿರಸ್ಕೃತವಾಗುತ್ತವೆ.

ಕೊನೆಗೆ ಬ್ಲಾಕ್‌ನ ಪೂರ್ವಚರಿತ್ರೆ. ಈಗ ಹಂಚುವ ವಿಳಾಸಗಳಲ್ಲಿ ಬೇರೆಯವರು ಬಳಸಿ ವಾಪಸ್ ಬಂದವೂ ಇರುತ್ತವೆ. ಸ್ಪಾಮ್‌ಹೌಸ್‌ನಂಥ ಕಪ್ಪುಪಟ್ಟಿಗಳಲ್ಲಿ ಹುಡುಕಿ, ಸಿಕ್ಕಿದರೆ ಹೊಸ ಹಂಚಿಕೆಯ ದಾಖಲೆ ತೋರಿಸಿ ತೆಗೆಸಿ. ಜಿಯೋಲೊಕೇಶನ್ ಕಂಪನಿಗಳ ಪಟ್ಟಿಯಲ್ಲಿ ಬ್ಲಾಕ್ ಬೇರೆ ದೇಶದಲ್ಲಿದೆ ಎಂದಿದ್ದರೆ ಗ್ರಾಹಕರ ಸಿನಿಮಾ ಆ್ಯಪ್ ‘ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ’ ಎನ್ನುತ್ತದೆ, ಬ್ಯಾಂಕ್ ಲಾಗಿನ್ ತಡೆಯುತ್ತದೆ. ದೇಶ, ರಾಜ್ಯ, ಊರು ಬರೆದ ಜಿಯೋಫೀಡ್ ಫೈಲ್ ಒಂದನ್ನು ನಿಮ್ಮ ವೆಬ್‌ಸೈಟ್‌ನಲ್ಲಿಟ್ಟು ಅದರ ಕೊಂಡಿಯನ್ನು ಬ್ಲಾಕ್‌ನ ದಾಖಲೆಯಲ್ಲಿ ಸೇರಿಸಿ. ಮುಖ್ಯ ಕಂಪನಿಗಳಿಗೆ ತಿದ್ದುಪಡಿ ಕೋರಿಕೆಯನ್ನೂ ಕಳಿಸಿ. ಇದಕ್ಕೆ ವಾರಗಳು ಹಿಡಿಯಬಹುದು, ಗ್ರಾಹಕರನ್ನು ಸಾಗಿಸುವ ಮೊದಲೇ ಶುರುಮಾಡಿ.

ಹಂತ 5: ಬಿಜಿಪಿ

ಜಗತ್ತಿನ ಐಪಿವಿ4 ಟೇಬಲ್, ಅಂದರೆ ದಾರಿಗಳ ಪಟ್ಟಿ, ಸುಮಾರು 10 ಲಕ್ಷ ರೂಟ್‌ಗಳಷ್ಟಿದೆ. ಇಬ್ಬರಿಂದಲೂ ಪೂರ್ತಿ ಟೇಬಲ್ ತೆಗೆದುಕೊಳ್ಳಲು ದೊಡ್ಡ ರೂಟರ್ ಬೇಕು. ಸಣ್ಣ ಐಎಸ್‌ಪಿಗೆ ಎರಡು ಕಡೆಯಿಂದಲೂ ಡೀಫಾಲ್ಟ್ ರೂಟ್ (ಬೇರೆ ದಾರಿ ಗೊತ್ತಿಲ್ಲದ್ದಕ್ಕೆಲ್ಲ ಒಂದೇ ದಾರಿ), ಎಕ್ಸ್‌ಚೇಂಜ್‌ನಿಂದ ಪಿಯರಿಂಗ್ ರೂಟ್‌ಗಳು, ಇಷ್ಟು ಸಾಕು. ದುಡ್ಡನ್ನು ದೊಡ್ಡ ರೂಟರ್‌ಗೆ ಸುರಿಯುವ ಬದಲು ಎರಡನೇ ಲಿಂಕ್ ಬೇರೆ ಮಾರ್ಗದಲ್ಲಿ ಬರುವಂತೆ ಮಾಡಿಕೊಳ್ಳಲು ಖರ್ಚು ಮಾಡಿ. ಎರಡೂ ಅಪ್‌ಸ್ಟ್ರೀಮ್‌ಗಳ ಫೈಬರ್ ಒಂದೇ ರಸ್ತೆಯಲ್ಲಿ ಬಂದರೆ ಒಂದು ಜೆಸಿಬಿ ಎರಡನ್ನೂ ಕಡಿಯುತ್ತದೆ.

ಘೋಷಣೆ ಹೀಗಿರಲಿ: /23ಅನ್ನು ಎರಡೂ ಕಡೆ ಘೋಷಿಸಿ. ಮೊದಲ /24 ಒಂದು ಕಡೆ, ಎರಡನೆಯದು ಇನ್ನೊಂದು ಕಡೆ ಹೆಚ್ಚುವರಿಯಾಗಿ ಹೋಗಲಿ. ಚಿಕ್ಕ ಬ್ಲಾಕ್‌ನ ದಾರಿಗೇ ಆದ್ಯತೆ ಇರುವುದರಿಂದ ಒಳಬರುವ ಟ್ರಾಫಿಕ್ ಎರಡು ಲಿಂಕ್‌ಗಳಿಗೂ ಹಂಚಿಹೋಗುತ್ತದೆ. ಒಂದು ಬಿದ್ದರೆ ಇನ್ನೊಂದರ /23 ಎಲ್ಲವನ್ನೂ ಹೊರುತ್ತದೆ. /24ಕ್ಕಿಂತ ಚಿಕ್ಕ ತುಂಡುಗಳನ್ನು ಹೊರಗಿನವರು ಸ್ವೀಕರಿಸುವುದಿಲ್ಲ.

ಮೂರು ಎಚ್ಚರಿಕೆ ತಪ್ಪಬಾರದು. ಹೊರಹೋಗುವ ಫಿಲ್ಟರ್‌ನಲ್ಲಿ ನಿಮ್ಮ ಬ್ಲಾಕ್‌ಗಳು ಮಾತ್ರ ಇರಬೇಕು. ಇಲ್ಲವಾದರೆ ಒಂದು ಅಪ್‌ಸ್ಟ್ರೀಮ್‌ನ ರೂಟ್ ಇನ್ನೊಂದಕ್ಕೆ ಸೋರಿ, ಬೇರೆಯವರ ಟ್ರಾಫಿಕ್ ನಿಮ್ಮ ಪುಟ್ಟ ಲಿಂಕ್ ಮೂಲಕ ಹರಿಯಲು ನೋಡುತ್ತದೆ, ಗ್ರಾಹಕರೆಲ್ಲ ನಿಂತುಹೋಗುತ್ತಾರೆ. ಘೋಷಿಸಿದ ಪ್ರತಿ ಬ್ಲಾಕ್‌ಗೂ ರೂಟರ್‌ನಲ್ಲಿ ಬ್ಲ್ಯಾಕ್‌ಹೋಲ್ ರೂಟ್ (ಬೇರೆ ದಾರಿಯಿಲ್ಲದ್ದನ್ನು ಅಲ್ಲೇ ಎಸೆಯುವ ದಾರಿ) ಹಾಕಿ. ಬಳಸದ ವಿಳಾಸಕ್ಕೆ ಬಂದ ಪ್ಯಾಕೆಟ್‌ಗೆ ಒಳಗೆ ದಾರಿ ಕಾಣದಿದ್ದರೆ ರೂಟರ್ ಅದನ್ನು ಡೀಫಾಲ್ಟ್ ರೂಟ್‌ನಲ್ಲಿ ಅಪ್‌ಸ್ಟ್ರೀಮ್‌ಗೇ ಹಿಂತಿರುಗಿಸುತ್ತದೆ, ಅವರು ಮತ್ತೆ ನಿಮಗೆ. ಪ್ಯಾಕೆಟ್‌ನ ಆಯಸ್ಸಾದ ಟಿಟಿಎಲ್ ಮುಗಿಯುವವರೆಗೂ ಈ ಸುತ್ತಾಟ ನಡೆದು, ಯಾರೋ ಸ್ಕ್ಯಾನ್ ಮಾಡಿದಷ್ಟಕ್ಕೇ ಲಿಂಕ್ ತುಂಬುತ್ತದೆ. ಮೂರನೆಯದು, ಗ್ರಾಹಕರ ಕಡೆಯಿಂದ ನಿಮ್ಮ ವಿಳಾಸವಲ್ಲದ ಮೂಲದ ಪ್ಯಾಕೆಟ್ ಹೊರಗೆ ಹೋಗದಂತೆ ತಡೆಯಿರಿ.

ಹಂತ 6: ಸಿಜಿನ್ಯಾಟ್

ಗ್ರಾಹಕರ ರೂಟರ್‌ಗೆ 100.64.0.0/10 ವಲಯದ ವಿಳಾಸ ಕೊಡಿ. ಇದು ಇದೇ ಕೆಲಸಕ್ಕೆಂದು 2012ರಲ್ಲಿ ಮೀಸಲಿಟ್ಟದ್ದು. 192.168 ಕೊಟ್ಟರೆ ಮನೆಯ ಒಳಗಿನ ವಿಳಾಸಕ್ಕೆ ಡಿಕ್ಕಿ ಹೊಡೆಯುತ್ತದೆ.

ಪೋರ್ಟ್‌ಗಳನ್ನು ಬಿಡಿಬಿಡಿಯಾಗಿ ಹಂಚದೆ ಬ್ಲಾಕ್ ಆಗಿ ಹಂಚಿ. ಇದು ಲಾಗ್‌ನ ಪ್ರಶ್ನೆ. ಲೈಸೆನ್ಸ್ ಷರತ್ತಿನ ಪ್ರಕಾರ ಐಪಿಡಿಆರ್ (ಗ್ರಾಹಕರ ಇಂಟರ್ನೆಟ್ ಬಳಕೆಯ ವಿವರ) ದಾಖಲೆಗಳನ್ನು ಕನಿಷ್ಠ 2 ವರ್ಷ ಇಡಬೇಕು. ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ ಆದೇಶದಂತೆ ಸಿಸ್ಟಂ ಲಾಗ್‌ಗಳು 180 ದಿನ ಇರಬೇಕು, ಗಡಿಯಾರ ಸರಿಯಾದ ಸಮಯ ತಿಳಿಸುವ ನಿಗದಿತ ಎನ್‌ಟಿಪಿ ಸರ್ವರ್‌ಗೆ ಹೊಂದಿರಬೇಕು. ಪ್ರತಿ ಕನೆಕ್ಷನ್‌ಗೂ ಒಂದು ಸಾಲು ಬರೆದರೆ ಡಿಸ್ಕ್ ತುಂಬುತ್ತಲೇ ಇರುತ್ತದೆ. ಬ್ಲಾಕ್ ಹಂಚಿದರೆ ‘ಈ ಗ್ರಾಹಕರಿಗೆ ಈ ವಿಳಾಸದ ಇಂತಿಷ್ಟರಿಂದ ಇಂತಿಷ್ಟು ಪೋರ್ಟ್’ ಎಂಬ ಒಂದು ಸಾಲು ಸಾಕು. ಗಡಿಯಾರ ಎರಡು ನಿಮಿಷ ತಪ್ಪಿದ್ದರೆ ತನಿಖೆಯಲ್ಲಿ ತಪ್ಪು ಮನೆಯ ಹೆಸರು ಹೋಗಬಹುದು. ನಿರಪರಾಧಿಯ ಮನೆ ಬಾಗಿಲಿಗೆ ಪೊಲೀಸರು ಹೋಗುವಂತಾಗಬಾರದು, ಆದ್ದರಿಂದ ಈ ಒಂದು ಅಂಶವನ್ನು ತಿಂಗಳಿಗೊಮ್ಮೆ ಖುದ್ದಾಗಿ ನೋಡಿ.

ಮೈಕ್ರೋಟಿಕ್ ಕಂಪನಿಯ ರೂಟರ್‌ನಲ್ಲಿ ಟಿಸಿಪಿ ಕನೆಕ್ಷನ್‌ನ ಡೀಫಾಲ್ಟ್ ಕಾಲಮಿತಿ 1 ದಿನ. ಸತ್ತ ಕನೆಕ್ಷನ್‌ಗಳು ದಿನವಿಡೀ ಪೋರ್ಟ್ ಹಿಡಿದಿಟ್ಟುಕೊಳ್ಳುತ್ತವೆ. ಅದನ್ನು 2 ಗಂಟೆ 4 ನಿಮಿಷಕ್ಕೆ ಇಳಿಸಿ, ಮಾನದಂಡ ಹೇಳುವ ಕನಿಷ್ಠ ಅದೇ. ಪೋರ್ಟ್ ಮುಗಿದ ಲಕ್ಷಣ ಸ್ಪೀಡ್ ಟೆಸ್ಟ್‌ನಲ್ಲಿ ಕಾಣುವುದಿಲ್ಲ. ವೇಗ ಪೂರ್ತಿ ತೋರಿಸುತ್ತದೆ, ಆದರೆ ಪುಟ ಅರ್ಧ ತೆರೆದು ನಿಲ್ಲುತ್ತದೆ, ಚಿತ್ರಗಳು ಬರುವುದಿಲ್ಲ. ಇಂಥ ದೂರು ಬಂದರೆ ಮೊದಲು ಪೋರ್ಟ್ ಬಳಕೆ ನೋಡಿ. ಸಿಜಿನ್ಯಾಟ್‌ನ ವಿಳಾಸಗಳನ್ನೂ ಮೇಲ್ ಸರ್ವರ್‌ನ ವಿಳಾಸವನ್ನೂ ಎಂದೂ ಬೆರೆಸಬೇಡಿ. ಒಂದು ಮನೆಯ ವೈರಸ್ ಕಂಪ್ಯೂಟರಿನಿಂದ ಆ ವಿಳಾಸ ಕಪ್ಪುಪಟ್ಟಿಗೆ ಸೇರಿದರೆ ಮೇಲ್ ಸರ್ವರ್ ಕೂಡ ಅದರ ಜೊತೆಗೇ ಮುಳುಗುತ್ತದೆ.

ಹಂತ 7: ಐಪಿವಿ6 ಮನೆಗೆ

ಯೂಟ್ಯೂಬ್, ಫೇಸ್‌ಬುಕ್, ನೆಟ್‌ಫ್ಲಿಕ್ಸ್ ಎಲ್ಲವೂ ಐಪಿವಿ6ನಲ್ಲಿ ಸಿಗುತ್ತವೆ. ಮನೆಗೆ ಅದು ಮುಟ್ಟಿದರೆ ಟ್ರಾಫಿಕ್‌ನ ದೊಡ್ಡ ಪಾಲು ಸಿಜಿನ್ಯಾಟನ್ನು ಮುಟ್ಟದೆ ನೇರವಾಗಿ ಹೋಗುತ್ತದೆ. ನಿಮ್ಮ 512 ವಿಳಾಸಗಳ ಆಯಸ್ಸು ಹೆಚ್ಚುವುದು ಇದರಿಂದಲೇ.

/32ರ ಮೊದಲ /48 ಮೂಲಸೌಕರ್ಯಕ್ಕೆ ಇರಲಿ. ಪಾಪ್‌ಗೊಂದು /40 ಕೊಡಿ, ಅದರಲ್ಲಿ 65,536 ಮನೆಗಳ /56 ಹಿಡಿಸುತ್ತದೆ. ವ್ಯಾಪಾರಿ ಗ್ರಾಹಕರಿಗೆ /48. ಒಂದೇ /64 ಕೊಟ್ಟು ಕೈತೊಳೆದುಕೊಳ್ಳಬೇಡಿ, ಮನೆಯಲ್ಲಿ ಎರಡನೇ ನೆಟ್‌ವರ್ಕ್ ಮಾಡಲಾಗುವುದಿಲ್ಲ. ಗ್ರಾಹಕರ ಲಾಗಿನ್ ನೋಡಿಕೊಳ್ಳುವ ರೇಡಿಯಸ್ ಸರ್ವರ್‌ನಲ್ಲಿ ಪ್ರತಿ ಗ್ರಾಹಕರಿಗೂ ಸ್ಥಿರ ಪ್ರಿಫಿಕ್ಸ್ (ವಿಳಾಸದ ಬ್ಲಾಕ್) ಬರೆದಿಡಿ. ಮನೆಯ ರೂಟರ್ ಲಾಗಿನ್ ಆಗುವ ಪಿಪಿಪಿಒಇ ಸಂಪರ್ಕ ಕಡಿದು ಸೇರಿದಾಗಲೆಲ್ಲ ಪ್ರಿಫಿಕ್ಸ್ ಬದಲಾದರೆ ಮನೆಯ ಫೋನು, ಟಿವಿಗಳು ಹಳೆಯದನ್ನೇ ಹಿಡಿದು ಕೂರುತ್ತವೆ, ಗ್ರಾಹಕರು ‘ನೆಟ್ ಇದೆ, ಏನೂ ತೆರೆಯುತ್ತಿಲ್ಲ’ ಎನ್ನುತ್ತಾರೆ.

ಪಿಪಿಪಿಒಇಯಲ್ಲಿ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 1492 ಬೈಟ್. ಅದರೊಳಗಿನ ಡೇಟಾದ ಗರಿಷ್ಠ ಗಾತ್ರವಾದ ಎಂಎಸ್‌ಎಸ್ ಅನ್ನು ಐಪಿವಿ4ಗೆ 1452, ಐಪಿವಿ6ಗೆ 1432 ಎಂದು ಹಿಡಿದಿಡಿ. ಭದ್ರತೆಯ ಹೆಸರಿನಲ್ಲಿ ನೆಟ್‌ವರ್ಕ್ ಸೂಚನೆಗಳನ್ನು ಹೊರುವ ಐಸಿಎಂಪಿವಿ6 ಪೂರ್ತಿ ಮುಚ್ಚಿದರೆ ‘ಪ್ಯಾಕೆಟ್ ದೊಡ್ಡದು’ ಎಂಬ ಸೂಚನೆಯೂ ನಿಲ್ಲುತ್ತದೆ, ಕೆಲವು ಸೈಟ್‌ಗಳು ತೆರೆಯದೆ ನೇತಾಡುತ್ತವೆ. ಮನೆಯಲ್ಲಿ ಫೈಬರ್ ಸೇರುವ ಪೆಟ್ಟಿಗೆಗಳಾದ ಓಎನ್‌ಟಿಗಳಲ್ಲಿ ಐಪಿವಿ6 ಎಷ್ಟೋ ಸಲ ಆಫ್ ಆಗಿಯೇ ಬರುತ್ತದೆ. ಹೊಸ ಕನೆಕ್ಷನ್‌ಗಳಿಗೆ ಹಾಕುವ ಸೆಟ್ಟಿಂಗ್ ಫೈಲ್‌ನಲ್ಲೇ ಆನ್ ಮಾಡಿ, ಹಳೆಯವನ್ನು ದೂರದಿಂದಲೇ ಸೆಟ್ಟಿಂಗ್ ಮಾಡುವ ಟಿಆರ್-069 ಮೂಲಕ ಬದಲಿಸಿ.

512 ಸಾಲದಿದ್ದರೆ

ಬಾಡಿಗೆಗೂ ಖರೀದಿಗೂ ವಿಳಾಸ ಸಿಗುತ್ತವೆ. ಖರೀದಿಸುವುದಾದರೆ ವರ್ಗಾವಣೆ ರಿಜಿಸ್ಟ್ರಿಯ ದಾಖಲೆಯಲ್ಲೇ ಆಗಬೇಕು. 103ರ ಸರಣಿಯಲ್ಲಿ ಹಂಚಿದ ವಿಳಾಸಗಳನ್ನು ಮೊದಲ 5 ವರ್ಷ ವರ್ಗಾಯಿಸುವಂತಿಲ್ಲ. ಅಂಥ ಬ್ಲಾಕನ್ನು ಕರಾರುಪತ್ರದ ಮೇಲೆ ಮಾರುತ್ತೇವೆ ಎಂದು ಬಂದವರಿಗೆ ದುಡ್ಡು ಕೊಡಬೇಡಿ. ಬಾಡಿಗೆಗಾದರೆ ಆರ್‌ಒಎ ಮತ್ತು ರಿವರ್ಸ್ ಡಿಎನ್‌ಎಸ್ ಎಷ್ಟು ಗಂಟೆಯೊಳಗೆ ಮಾಡಿಕೊಡುತ್ತಾರೆ, ವಾಪಸ್ ಕೇಳಲು ಎಷ್ಟು ತಿಂಗಳ ನೋಟಿಸ್ ಎಂಬುದನ್ನು ಬರೆಸಿಕೊಳ್ಳಿ. ಸ್ಟ್ಯಾಟಿಕ್ ಗ್ರಾಹಕರನ್ನು ಬಾಡಿಗೆ ಬ್ಲಾಕ್‌ನಲ್ಲಿ ಇಡಬೇಡಿ, ಅಪ್‌ಸ್ಟ್ರೀಮ್ ವಿಳಾಸದ ಸಮಸ್ಯೆಯೇ ಮತ್ತೆ ಬರುತ್ತದೆ. ಅಲ್ಲಿ ಸಿಜಿನ್ಯಾಟ್ ಮಾತ್ರ ಸಾಕು.

ಗ್ರಾಹಕರನ್ನು ಸಾಗಿಸುವುದು

ಒಂದೇ ರಾತ್ರಿಯಲ್ಲಿ ಎಲ್ಲರನ್ನೂ ಬದಲಿಸಬೇಡಿ. ಮೊದಲು ಕಚೇರಿ, ನಂತರ ಒಂದು ಓಎಲ್‌ಟಿಯ ಗ್ರಾಹಕರು, ವಾರ ಕಾದು ದೂರು ನೋಡಿ ಉಳಿದವರು. ಸ್ಟ್ಯಾಟಿಕ್ ಗ್ರಾಹಕರಿಗೆ ಒಂದು ತಿಂಗಳು ಮುಂಚೆ ಹೊಸ ವಿಳಾಸ ತಿಳಿಸಿ, ಸಾಧ್ಯವಾದಷ್ಟು ದಿನ ಎರಡೂ ವಿಳಾಸ ಓಡುವಂತೆ ಇಡಿ. ಡಿಎನ್‌ಎಸ್ ದಾಖಲೆಗಳ ಟಿಟಿಎಲ್ (ಹಳೆಯ ಉತ್ತರವನ್ನು ಬೇರೆ ಸರ್ವರ್‌ಗಳು ಇಟ್ಟುಕೊಳ್ಳುವ ಅವಧಿ) ಅನ್ನು ಬದಲಾವಣೆಗೆ ಎರಡು ದಿನ ಮೊದಲು 300 ಸೆಕೆಂಡಿಗೆ ಇಳಿಸಲು ಹೇಳಿ. ಹಳೆಯ ಬ್ಲಾಕ್‌ನಲ್ಲಿ ಟ್ರಾಫಿಕ್ ನಿಂತ ಮೇಲೆ ಅದನ್ನು ಅಪ್‌ಸ್ಟ್ರೀಮ್‌ಗೆ ಲಿಖಿತವಾಗಿ ಹಿಂತಿರುಗಿಸಿ, ಸ್ವೀಕೃತಿ ಪಡೆಯಿರಿ. ಆ ಬ್ಲಾಕ್‌ನ ನ್ಯಾಟ್ ಲಾಗ್‌ಗಳನ್ನು ಮಾತ್ರ ಅವಧಿ ಮುಗಿಯುವವರೆಗೂ ಅಳಿಸಬೇಡಿ, ಹಿಂದಿನ ತಾರೀಖಿನ ವಿಚಾರಣೆ ಹಳೆಯ ವಿಳಾಸದ ಮೇಲೆಯೇ ಬರುತ್ತದೆ.